ಅನುಬಂಧಗಳು ಯಥಾಪ್ರಕಾರ

ನವೆಂಬರ್ 6, 2024, ಬುಧವಾರ

ನಮ್ಮ ಮನೆಯ ಬೋರ್ ಕೊರೆದ ಕುಮಾರೇಶನಿಂದ ಸುದ್ದಿ ಬಂತು. ಅವನ ಹೆಂಡತಿ ನಾಗವೇಣಿ ಕಾರ್ಖಾನೆಯ ಪಾಳಿ ಮುಗಿಸಿ, ಊರಿನ ಬಸ್ಸು ಹಿಡಿಯುವ ಮೊದಲು ಹೊಸೂರಿನ ನಮ್ಮ ಮನೆಗೆ ಬಂದು, ಭಾನುವಾರ ಅವನು ಫೋನಿನಲ್ಲಿ ಕಳಿಸಿದ್ದ ಮಾತನ್ನು ಕೇಳಿಸಿದಳು. ಕಿರಿಬಾಸ್ ದೇಶದ ರಾಜಧಾನಿಯಿಂದ ಒಂದು ಹೊರದ್ವೀಪಕ್ಕೆ ಹೋಗಿದ್ದಾನೆ. ಬೋರ್ ಯಂತ್ರ ದೋಣಿಯಲ್ಲಿ ಬಂದಿಳಿದಿದೆ. ಮುಂದಿನ ವಾರ ಕೆಲಸ ಶುರು. ಅಲ್ಲಿ ಫೋನು ಮಾಡಲು ಅವಕಾಶವಿರುವುದು ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಮಾತ್ರ. ಆಗ ನಮಗೆ ಬೆಳಗಿನ ಆರೂವರೆ.

"ಸಾರ್, ನೀವ್ ಬರ್ಕೊಟ್ಟ ಪೇಪರ್ ಜೇಬ್ನಾಗೇ ಇಕ್ಕಂಡಿವ್ನಿ. ಏರ್‌ಪೋರ್ಟ್‌ನಾಗೆ ಆಫೀಸರ್ ಹತ್ರ ನಿಮ್ದೇಶದಾಗೆ ಮೂವತ್ಮೂರು ದ್ವೀಪ ಅಂದೆ. ನಂಗೇ ಲೆಕ್ಕ ಗೊತ್ತಿರ್ಲಿಲ್ಲ ಅಂತ ನಕ್ಬುಟ್ಟ."

ನಾಗವೇಣಿಯೂ ನಕ್ಕಳು. ನನಗೂ ಸಂತೋಷವಾಯಿತು. ಆ ಎರಡು ಪುಟಗಳನ್ನು ಯಾರೂ ಕೇಳಿರಲಿಲ್ಲ, ನಾನೇ ಬರೆದುಕೊಟ್ಟದ್ದು. ಪ್ರತಿ ನನ್ನ ಬಳಿ ಇದೆ. ಬರೆಯುವಾಗ ಕಿರಿಬಾಟಿ, ಹೇಳುವಾಗ ಕಿರಿಬಾಸ್. ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ಎರಡೂ ಬದಿಗೆ ಚದುರಿದ ದೇಶ. ನೆಲ ಸುಮಾರು 811 ಚದರ ಕಿಲೋಮೀಟರ್, ಅಂದರೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಆರನೇ ಒಂದು ಪಾಲೂ ಇಲ್ಲ. ಜನಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ರಾಜಧಾನಿ ದಕ್ಷಿಣ ತರಾವಾ. ಸ್ವಾತಂತ್ರ್ಯ ಬಂದದ್ದು 1979ರ ಜುಲೈ 12. ನಾಣ್ಯ ಆಸ್ಟ್ರೇಲಿಯಾದ ಡಾಲರ್. ನಮಸ್ಕಾರಕ್ಕೆ 'ಮೌರಿ' ಎನ್ನಬೇಕು. ಹೊಸ ವರ್ಷ ಜಗತ್ತಿನಲ್ಲಿ ಮೊದಲು ಕಾಲಿಡುವುದು ಈ ದೇಶದ ಪೂರ್ವದ ದ್ವೀಪಗಳಿಗೆ.

ಒಪ್ಪಂದದ ಹದಿನಾಲ್ಕು ಪುಟಗಳನ್ನೂ ನಾನೇ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಅವನನ್ನು ಕರೆಸಿಕೊಂಡದ್ದು ಫಿಜಿಯ ಒಂದು ಕಂಪನಿ. ತಾಂಜೇನಿಯಾದಲ್ಲಿ ಬೋರ್ ಕೊರೆಯುತ್ತಾ ಕಲಿತ ಇಂಗ್ಲಿಷ್ ಅವನಿಗೆ ಮಾತಿಗೆ ಸಾಕು, ಓದಲು ಸಾಲದು. ಕೊನೆಯಲ್ಲಿ 'ಓದಿ ಅರ್ಥಮಾಡಿಕೊಂಡಿದ್ದೇನೆ' ಎಂಬಲ್ಲಿ ಅವನ ಸಹಿ, ಕೆಳಗೆ ಅನುವಾದಕನಾಗಿ ನನ್ನದು.

ಅದೇ ಕರೆಯಲ್ಲಿ ಇನ್ನೊಂದು ವಿಷಯವನ್ನೂ ಕೇಳಿದ್ದಾನೆ: "ಇಲ್ಲಿ ಬೆಟ್ಟ ಅನ್ನೋದೇ ಇಲ್ಲ ಸಾರ್. ನೆಲ ಎಷ್ಟ್ ಎತ್ತರ ಐತೆ, ನೋಡಿ ಹೇಳಿ." ಹುಡುಕಬೇಕು.

ನವೆಂಬರ್ 8, ಶುಕ್ರವಾರ

ಎತ್ತರ ಸಿಕ್ಕಿತು. ಬನಾಬಾ ಎಂಬ ಒಂದು ದ್ವೀಪ ಬಿಟ್ಟರೆ ಮಿಕ್ಕೆಡೆ ನೆಲ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಮಾತ್ರ ಮೇಲಿದೆ. ಅವನಿರುವ ದ್ವೀಪದ ಲೆಕ್ಕ ಒಪ್ಪಂದದಲ್ಲೇ ಇರಬಹುದೆಂದು ಫೈಲು ತೆಗೆದೆ. ಅನುಬಂಧ 'ಸಿ'ಯಲ್ಲಿ ಇತ್ತು.

ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಕೊರೆತದ ಆಳ ಯಾವ ಕಾರಣಕ್ಕೂ ಐದು ಮೀಟರ್ ಮೀರಕೂಡದು. ಸಿಹಿನೀರು ತೆಳ್ಳನೆಯ ಪದರವಾಗಿ ಸಮುದ್ರದ ನೀರಿನ ಮೇಲೆ ತೇಲುತ್ತಿದೆ. ಪದರವನ್ನು ದಾಟಿ ಕೊರೆದರೆ ಉಪ್ಪುನೀರು ಮೇಲೇರಿ ಸುತ್ತಲಿನ ಬಾವಿಗಳು ಕೆಡುತ್ತವೆ. ಮತ್ತೆ ಸರಿಹೋಗಲು ವರ್ಷಗಳು ಬೇಕಾಗಬಹುದು.

ಐದು ಮೀಟರ್ ಎಂದರೆ ಹದಿನಾರು ಅಡಿ.

ನನ್ನ ಅನುವಾದವನ್ನು ತೆಗೆದು ನೋಡಿದೆ. ಹದಿನಾಲ್ಕನೆಯ ಪುಟದ ಕೊನೆಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ: 'ಅನುಬಂಧಗಳು ಯಥಾಪ್ರಕಾರ.' ಅಂದರೆ ಮೂಲದಲ್ಲಿದ್ದಂತೆಯೇ, ಅನುವಾದವಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ಹೀಗೆಯೇ ಬರೆದವನು. ಅನುಬಂಧ ಎಂದರೆ ಕೋಷ್ಟಕ, ನಕಾಶೆ, ನಮೂನೆ. ಗಡಿ ಹಳ್ಳಿಗಳಿಂದ ಬಂದ ಯಾರೂ ಅದನ್ನು ಕೇಳಿದ್ದಿಲ್ಲ, ಯಾರಿಗೂ ಅದರಿಂದ ತೊಂದರೆಯಾದದ್ದು ನನ್ನ ಗಮನಕ್ಕೆ ಬಂದಿಲ್ಲ.

ಅಲ್ಲಿ ಕಂಪನಿಯ ಎಂಜಿನಿಯರ್ ಇದ್ದೇ ಇರುತ್ತಾನೆ. ಬಾಯಲ್ಲಿ ಹೇಳಿಯೇ ಇರುತ್ತಾನೆ. ಆದರೂ ನಾಳೆ ಅವರ ಊರಿಗೆ ಹೋಗಿ ಕುಮಾರೇಶನ ತಂದೆಯನ್ನು ವಿಚಾರಿಸಿ ಬರುವುದು.

ನವೆಂಬರ್ 9, ಶನಿವಾರ

ರಾಯಕೋಟೆ ಬಸ್ಸಿನಲ್ಲಿ ಹೋಗಿ ಬಂದೆ. ಅವರ ಊರು ಸಾನಮಾವು ಕಾಡಿನ ಆಚೆ ಅಂಚಿನಲ್ಲಿದೆ. ರಾಗಿ ತೆನೆ ಬಲಿತಿದೆ. ಜವಳಗಿರಿ ಕಡೆಯಿಂದ ಆನೆಗಳು ಬಂದಿವೆಯಂತೆ. ನಾಲ್ಕು ಗಂಟೆಯ ಬಸ್ಸಿಗೇ ಹಿಂತಿರುಗಲು ಎಲ್ಲರೂ ಹೇಳಿದರು.

ಕುಮಾರೇಶನ ತಂದೆ ವೆಂಕಟರಮಣಪ್ಪ ಈ ಸುತ್ತಿನಲ್ಲಿ ನೀರು ನೋಡಿ ಹೇಳುವವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಅದರಲ್ಲಿ ನನಗೆ ನಂಬಿಕೆ ಇಲ್ಲ. ಅವರಿಗೂ ಅದು ಗೊತ್ತು.

"ಬನ್ನಿ ಸ್ವಾಮಿ. ಆನೆ ಬಂದಂಗೆ ಹೇಳ್ದೆ ಕೇಳ್ದೆ ಬಂದ್ಬುಟ್ರಲ್ಲ."

ಕುಮಾರೇಶನಿಗೆ ಆಳದ ಬಗ್ಗೆ ಏನಾದರೂ ಹೇಳಿದ್ದೀರಾ ಎಂದು ಕೇಳಿದೆ.

"ಹೇಳ್ದೆ ಇರ್ತೀನಾ? ಅಲ್ಲಿ ಎಂಟಡೀಗೇ ನೀರ್ ಕಾಣ್ತದಂತೆ. ಅದು ಗುಂಡಿ ನೀರು ಕಣ್ಲಾ, ಅದ್ನ ನಂಬ್ಕಂಡು ಬೋರ್ ಅಂತ ಹೆಸರಿಕ್ಕಬ್ಯಾಡ ಅಂದೆ. ಇರೋ ರಾಡೆಲ್ಲಾ ಇಳ್ಸು. ನೀರು ಎಗರ್ಬೇಕು. ಎಗರೋಗಂಟ ರಾಡ್ ಎತ್ತಬ್ಯಾಡ. ನಮ್ಮನೆ ಹೆಸ್ರು ಅಲ್ಲೀಗಂಟ ಹೋಗದೆ, ಅದ್ನ ಉಳ್ಸು ಅಂದಿವ್ನಿ."

"ಅಲ್ಲಿನ ನೆಲ ಬೇರೆ ಇರಬಹುದಲ್ಲ?"

"ನೆಲ ಬ್ಯಾರೆ ಇದ್ರೂ ನೀರು ನೀರೇ ತಾನೆ ಸ್ವಾಮಿ? ಇನ್ನೊಂದ್ ಮಾತೂ ಹೇಳಿವ್ನಿ. ಮೊದಲ್ನೀರು ಆ ಊರಿನ ಹಿರೀ ಹೆಂಗ್ಸಿಗೆ ಕೊಡದೆ ಯಾರೂ ಬಾಯಿಗಿಕ್ಕಬ್ಯಾಡಿ ಅಂತ."

ಇದು ಅವರ ಮನೆತನದ ಪದ್ಧತಿ. ನಮ್ಮ ಹೊಸೂರು ಮನೆಯಲ್ಲಿ ಒಂಬೈನೂರ ನಲವತ್ತು ಅಡಿಗೆ ನೀರು ಬಂದಾಗಲೂ ಕುಮಾರೇಶ ಕೆಸರು ನೀರಿನ ಚೊಂಬು ಹಿಡಿದು ನೇರ ನಮ್ಮ ಅಮ್ಮನ ಬಳಿ ಹೋಗಿದ್ದ. ಕುದಿಸದ ನೀರು ಬೇಡವೆಂದು ನಾನು ತಡೆದೆ. ಅಮ್ಮ ನನ್ನ ಕಡೆ ನೋಡದೆ ಕುಡಿದಿದ್ದಳು.

ಅನುಬಂಧದ ವಿಷಯ ಅವರಿಗೆ ಹೇಳಲಿಲ್ಲ. ವಯಸ್ಸಾದವರನ್ನು ಗಾಬರಿಪಡಿಸುವುದು ಸರಿಯಲ್ಲ. ನಾಳೆ ಭಾನುವಾರ. ಮೊದಲ ಬಸ್ಸಿಗೆ ಮತ್ತೆ ಅಲ್ಲಿಗೆ ಹೋಗಿ ಕುಮಾರೇಶನೊಂದಿಗೆ ನಾನೇ ಮಾತಾಡುವುದೆಂದು ತೀರ್ಮಾನಿಸಿದ್ದೇನೆ.

ನವೆಂಬರ್ 10, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

5.30ಕ್ಕೆ ಹೊಸೂರು ಬಿಟ್ಟೆ. 6.05ಕ್ಕೆ ಸಾನಮಾವು ಕಾಡಿನ ಬಳಿ ಅರಣ್ಯ ಇಲಾಖೆಯ ಕಾವಲುಗಾರ ಕೈ ಅಡ್ಡ ಹಿಡಿದು "ವಂಡಿಯ ನಿರುತ್ತುಪ್ಪಾ!" ಎಂದು ತಮಿಳಿನಲ್ಲಿ ಕೂಗಿ ಬಸ್ಸು ನಿಲ್ಲಿಸಿದ. ಮುಂದೆ ರಸ್ತೆ ದಾಟಲು ಆನೆಗಳ ಹಿಂಡು ಕಾದಿತ್ತು. ಮರಿಗಳಿದ್ದವು. ಚಾಲಕ ಎಂಜಿನ್ ಆರಿಸಿದ. ಬಸ್ಸಿನಲ್ಲಿ ಹನ್ನೊಂದು ಜನ. ರಸ್ತೆಯ ಪಕ್ಕದ ಲಂಟಾನ ಅಲ್ಲಾಡುತ್ತಿತ್ತು, ಗಾಳಿ ಇರಲಿಲ್ಲ.

6.25ಕ್ಕೆ ನಾಗವೇಣಿಗೆ ಫೋನು ಮಾಡಿದೆ.

"ಸಾರ್, ಇನ್ನೇನ್ ಫೋನ್ ಬತ್ತದೆ. ಎಲ್ಲಿದೀರಿ?"

"ಆನೆ ಅಡ್ಡ ಬಂದಿವೆ."

"ಅಯ್ಯೋ, ಇಳೀಬ್ಯಾಡಿ. ಅವ್ರಿಗೆ ಏನಾರ ಹೇಳ್ಬೇಕಿತ್ತಾ? ಹೇಳಿ, ನಾನೇ ಹೇಳ್ತೀನಿ."

"ಏನಿಲ್ಲಮ್ಮ. ನಾನೇ ಮಾತಾಡ್ತೀನಿ. ಸ್ವಲ್ಪ ಹೊತ್ತು ಫೋನ್ ಹಿಡಿದುಕೊಂಡಿರಲು ಹೇಳು."

ಫೋನಿನಲ್ಲಿ ಸಿಗ್ನಲ್ ಸ್ಪಷ್ಟವಾಗಿತ್ತು. ಹದಿನಾರು ಅಡಿ ಎನ್ನಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೆ ತಾಂತ್ರಿಕ ವಿಷಯ ಬಾಯಿಂದ ಬಾಯಿಗೆ ಹೋದರೆ ತಪ್ಪಾಗಬಹುದು, ಲಿಖಿತವಾಗಿಯೇ ಹೋಗಬೇಕು ಅನ್ನಿಸಿತು. ಹಾಗೆಂದು ಆಗ ಅನ್ನಿಸಿತು.

ಹಿಂಡು ದಾಟಿದ್ದು 6.50ಕ್ಕೆ. ನಾನು ಅವರ ಮನೆ ತಲುಪಿದಾಗ 7.15. ಕರೆ ಮುಗಿದು ಅರ್ಧ ಗಂಟೆಯಾಗಿತ್ತು. ಅಲ್ಲಿ ಫೋನಿನ ಸಾಲಿನಲ್ಲಿ ಅವನ ಹಿಂದೆ ಇನ್ನೂ ಜನ ಕಾದಿದ್ದರಂತೆ.

ಕೆಲಸ ಮಂಗಳವಾರ ಬೆಳಿಗ್ಗೆಯೇ ಶುರು. ಎಂಜಿನಿಯರ್ ಬಂದಿಲ್ಲ, ಅವನ ವಿಮಾನ ರದ್ದಾಗಿದೆ. "ಅವ್ನು ಬರೋಷ್ಟ್ರಲ್ಲಿ ಮುಗ್ಸಿ ತೋರಿಸ್ತೀನಿ ಅಂದ್ರು ಸಾರ್" ಎಂದು ನಾಗವೇಣಿ ಹೆಮ್ಮೆಯಿಂದ ಹೇಳಿದಳು. ಕಾಫಿ ಕೊಟ್ಟಳು. ಕುಡಿದೆ.

ನವೆಂಬರ್ 11, ಸೋಮವಾರ

ಕಂಪನಿಗೆ ಇಮೇಲ್ ಬರೆಯಲು ಬೆಳಿಗ್ಗೆ ಒಂಬತ್ತಕ್ಕೆ ಕುಳಿತೆ. ಮೊದಲ ಕರಡು: 'ಕಾರ್ಮಿಕನಿಗೆ ಅನುಬಂಧದ ಅಂಶಗಳು ಪೂರ್ಣವಾಗಿ ಮನದಟ್ಟಾಗದೆ ಇರುವ ಸಾಧ್ಯತೆ ಕಂಡುಬಂದಿರುತ್ತದೆ.' ಅದನ್ನು ಹೊಡೆದು ಹಾಕಿದೆ. ಎರಡನೆಯ ಕರಡು: 'ಅನುವಾದದ ಹಂತದಲ್ಲಿ ಕೆಲವು ಭಾಗಗಳು ಬಿಟ್ಟುಹೋಗಿರಬಹುದಾಗಿದೆ.' ಅದೂ ಸರಿಯಿಲ್ಲ. ಕಂಪನಿಗೆ ತಿಳಿದರೆ ಅವನನ್ನು ವಾಪಸು ಕಳಿಸಿಬಿಡಬಹುದು ಎಂಬ ಅಂಶವನ್ನೂ ಪರಿಗಣಿಸಬೇಕಾಗಿತ್ತು.

ಮಧ್ಯಾಹ್ನ ಲಕ್ಷ್ಮೀಪ್ರಿಯಾ ಎರಡು ಸಲ ಊಟಕ್ಕೆ ಕರೆದಳು. ಮೂರನೆಯ ಸಲ ಬಂದು ಹಿಂದೆ ನಿಂತಳು. ಮದುವೆಯಾದಾಗಿನಿಂದ ನನ್ನ ಬೆನ್ನಿನ ಹಿಂದೆ ನಿಂತು ಓದುವುದು ಅವಳ ಅಭ್ಯಾಸ.

"ಏನ್ರೀ ಇದು, ಬೆಳಗಿಂದ ನಾಲ್ಕು ಸಾಲು?"

"ತಿದ್ತಾ ಇದ್ದೀನಿ."

"ಅಲ್ರೀ, ಊರಿನೋರ ಅರ್ಜಿಯೆಲ್ಲ ಜಗಲಿ ಮೇಲೆ ಕೂತು ಒಂದೇ ಏಟಿಗೆ ಬರೀತಿದ್ರಿ."

"ಅದು ಅವರ ಅರ್ಜಿ."

ಅವಳು ಪೂರ್ತಿ ಓದಿದಳು. ಫೈಲನ್ನೂ ನೋಡಿದಳು. ಬೈಯಲಿಲ್ಲ. "ಅಲ್ಲಿ ಈಗ ಗಂಟೆ ಎಷ್ಟು?" ಎಂದಳು.

ನಮಗಿಂತ ಆರೂವರೆ ಗಂಟೆ ಮುಂದೆ. ಲೆಕ್ಕ ಹಾಕಿ ಹೇಳಿದೆ. ರಾತ್ರಿ ಒಂಬತ್ತು.

"ಅವನು ಬೆಳಿಗ್ಗೆ ಏಳೋದಕ್ಕೆ ಇನ್ನೆಷ್ಟು ಹೊತ್ತಿದೆ?"

ಕಳಿಸಿದ್ದು 2.50ಕ್ಕೆ. ಒಟ್ಟು ಮೂರು ವಾಕ್ಯ. ಅನುಬಂಧ 'ಸಿ' ನಾನು ಅನುವಾದಿಸಲಿಲ್ಲ. ಕುಮಾರೇಶನಿಗೆ ಆಳದ ಮಿತಿ ಗೊತ್ತಿಲ್ಲ. ದಯವಿಟ್ಟು ಈಗಲೇ ನಿಲ್ಲಿಸಿ.

ನವೆಂಬರ್ 12, ಮಂಗಳವಾರ

ಬೆಳಿಗ್ಗೆ ನೋಡಿದಾಗ ಉತ್ತರ ಬಂದಿತ್ತು. ಆ ದ್ವೀಪದೊಂದಿಗೆ ರೇಡಿಯೋ ಸಂಪರ್ಕ ಸಿಗುವುದು ನಾಳೆ ಬೆಳಿಗ್ಗೆ ಮಾತ್ರ. ಎಂಜಿನಿಯರ್ ದೋಣಿಯಲ್ಲಿ ಹೊರಡುತ್ತಾನೆ. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ: ಇದನ್ನು ನೀವು ಯಾವಾಗ ಗಮನಿಸಿದಿರಿ?

ಶುಕ್ರವಾರ ಎಂದು ಬರೆದೆ.

ಈಗ ಬೆಳಿಗ್ಗೆ ಎಂಟು. ಅಲ್ಲಿ ಮಧ್ಯಾಹ್ನ ಎರಡೂವರೆ. ರಾಡು ಇಳಿಯುತ್ತಿರುತ್ತದೆ.

ನವೆಂಬರ್ 13, ಬುಧವಾರ

ಊರಿಗೆ ಹೋಗಿ ಮಾವ ಸೊಸೆ ಇಬ್ಬರಿಗೂ ಹೇಳಿದೆ. ಅನುಬಂಧವನ್ನು ಓದುತ್ತಾ ಕನ್ನಡದಲ್ಲಿ ಹೇಳಿದೆ. ವೆಂಕಟರಮಣಪ್ಪ ಮನೆ ಮುಂದಿನ ಕಣದಲ್ಲಿ ಕುಳಿತು ಕೇಳಿದರು. ಮೊದಲು ಅವರಿಗೆ ನಗು ಬಂತು.

"ಸಿಹಿನೀರು ಉಪ್ಪುನೀರಿನ ಮ್ಯಾಲೆ ತೇಲ್ತದಾ? ಮಜ್ಜಿಗೆ ಮ್ಯಾಲೆ ಬೆಣ್ಣೆ ತೇಲ್ದಂಗಾ ಸ್ವಾಮಿ?"

"ಹೌದು. ಹಾಗೆಯೇ."

ಅಷ್ಟು ಹೊತ್ತಿಗೆ ಅವರ ನಗು ನಿಂತಿತ್ತು. "ಅಂಗಾರೆ ಆಳಕ್ಕೋದಷ್ಟೂ..." ಎಂದು ತಡೆದು, ಅಂಗೈಯನ್ನು ನೋಡಿಕೊಂಡರು. ತೆಂಗಿನಕಾಯಿ ಇಡುವ ಅಂಗೈ. "ಇರೋ ರಾಡೆಲ್ಲಾ ಇಳ್ಸು ಅಂದ್ಬುಟ್ನಲ್ಲ ಸ್ವಾಮಿ ನಾನು."

"ನೀವು ಗೊತ್ತಿಲ್ಲದೆ ಹೇಳಿದಿರಿ. ನನ್ನ ಕೈಯಲ್ಲಿ ಕಾಗದ ಇತ್ತು."

ನಾಗವೇಣಿ ಇಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಸಾರ್, ಭಾನ್ವಾರ ಬಸ್ನಿಂದ ಫೋನ್ ಮಾಡ್ದಾಗ ನಿಮ್ಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ನಾನ್ ಕೇಳಿದ್ನಲ್ಲ ಸಾರ್, ಏನಾರ ಹೇಳ್ಬೇಕಾ ಅಂತ."

ಅವಳು ಒಳಗೆ ಹೋದಳು. ಇವತ್ತು ಕಾಫಿ ಬರಲಿಲ್ಲ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ರಸ್ತೆಯವರೆಗೆ ವೆಂಕಟರಮಣಪ್ಪ ಜೊತೆಗೆ ಬಂದರು.

ನವೆಂಬರ್ 14, ಗುರುವಾರ

ಸುದ್ದಿ ಇಲ್ಲ.

ನವೆಂಬರ್ 15, ಶುಕ್ರವಾರ

ಸುದ್ದಿ ಇಲ್ಲ. ಕಂಪನಿಗೆ ಮತ್ತೆ ಬರೆದೆ. ಎಂಜಿನಿಯರ್ ದ್ವೀಪ ತಲುಪಿದ್ದಾನೆ, ಅಷ್ಟೇ ಗೊತ್ತು ಎಂದರು.

ಅಲ್ಲಿನವರು ಬಾಬಾಯಿ ಎಂಬ ದೊಡ್ಡ ಕೆಸವಿನ ಗೆಡ್ಡೆ ಬೆಳೆಯುತ್ತಾರೆಂದು ಓದಿದೆ. ಸಿಹಿನೀರು ಮುಟ್ಟುವವರೆಗೆ ಗುಂಡಿ ತೋಡಿ, ಅದರೊಳಗೆ ನೆಡುತ್ತಾರೆ. ಗುಂಡಿಗಳನ್ನು ಅಜ್ಜ ಮುತ್ತಜ್ಜನ ಕಾಲದಿಂದ ಮನೆಮನೆಯವರು ಕಾಪಾಡಿಕೊಂಡು ಬರುತ್ತಾರೆ. ನೀರಿಗೆ ಉಪ್ಪು ಸೇರಿದರೆ ಗೆಡ್ಡೆ ಕೊಳೆಯುತ್ತದೆ.

ಕುಮಾರೇಶನಿಗೆ ಕೊಟ್ಟ ಎರಡು ಪುಟಗಳನ್ನು ಮತ್ತೆ ಓದಿದೆ. ಧ್ವಜದಲ್ಲಿ ಹಕ್ಕಿ ಇದೆ ಎಂದು ಬರೆದಿದ್ದೇನೆ. ಅಂತರರಾಷ್ಟ್ರೀಯ ದಿನಾಂಕ ರೇಖೆಯ ಬಗ್ಗೆ ಆರು ಸಾಲು ಇದೆ. ಆ ಊರಿನಲ್ಲಿ ಎಷ್ಟು ಮನೆ, ಎಷ್ಟು ಬಾವಿ, ಬೋರ್ ಹಾಕುವ ಜಾಗಕ್ಕೂ ಹತ್ತಿರದ ಬಾವಿಗೂ ಎಷ್ಟು ದೂರ, ಒಂದೂ ನನಗೆ ಗೊತ್ತಿಲ್ಲ.

ಬೆಳಿಗ್ಗೆ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವಾಗ ನೀರನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡೆ. ಲಕ್ಷ್ಮೀಪ್ರಿಯಾ ಏನೆಂದು ಕೇಳಿದಳು. ಏನಿಲ್ಲ ಎಂದೆ.

ನವೆಂಬರ್ 17, ಭಾನುವಾರ

ಶನಿವಾರ ಸಂಜೆಯ ಮೊದಲೇ ಊರಿಗೆ ಹೋಗಿ ಅವರ ಮನೆಯಲ್ಲೇ ಉಳಿದೆ. ಕೇಳದೆಯೇ ನಾಗವೇಣಿ ಚಾಪೆ ಹಾಸಿ ಒಳಗೆ ಹೋದಳು.

ಇಂದು 6.20ಕ್ಕೆ ಮೂವರೂ ಜಗಲಿಯ ಮೇಲೆ, ನಡುವೆ ಫೋನು. 6.30 ಆಯಿತು. 6.40. ವೆಂಕಟರಮಣಪ್ಪ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. 6.52ಕ್ಕೆ ಕರೆ ಬಂತು.

"ಅಪ್ಪಯ್ಯ ಅವ್ರಾ? ಸಾರ್ ಅವ್ರಾ?"

"ಎಲ್ಲಾ ಇಲ್ಲೇ ಅವ್ರೆ" ಎಂದಳು ನಾಗವೇಣಿ. "ಬೋರ್ ಏನಾಯ್ತು, ಅದ್ ಹೇಳ್ರಿ ಮೊದ್ಲು."

"ಮುಚ್ಬುಟ್ಟೆ."

ಅವನು ಹೇಳುತ್ತಾ ಹೋದ. ಮಂಗಳವಾರ ಎಂಟಡಿಗೆ ನೀರು ಬಂತು, ನಿಲ್ಲಿಸಬೇಡ ಎಂದು ಅಪ್ಪ ಹೇಳಿದ್ದರಿಂದ ರಾಡು ಇಳಿಸುತ್ತಲೇ ಹೋದ. ಮೂವತ್ತನಾಲ್ಕು ಅಡಿಗೆ ನೀರು ಜೋರಾಗಿ ಬಂತು. ಊರಿನವರೆಲ್ಲಾ ನೋಡುತ್ತಿದ್ದರು. ಪದ್ಧತಿಯಂತೆ ಡಬ್ಬದಲ್ಲಿ ಹಿಡಿದು, ಇಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಯಾರೆಂದು ಕೇಳಿದ. ತೆರೆಸಿಯಾ ಎಂಬ ಅಜ್ಜಿಯ ಹತ್ತಿರ ಕರೆದೊಯ್ದರು.

"ಅಜ್ಜಿ ಒಂದ್ ಗುಟುಕು ಕುಡೀತು. ಉಗೀಲಿಲ್ಲ ಸಾರ್, ನುಂಗ್ತು. ಬಂದಿರೋ ನೆಂಟ ಕೊಟ್ಟಿದ್ದು ಅಂತ ಮರ್ಯಾದೆ. ಆಮೇಲೆ ಎದ್ದು ಕೋಲ್ ಊರ್ಕೊಂಡು ಅವ್ರ ಬಾವೀಗೋಗಿ, ಚಿಪ್ಪಲ್ಲಿ ನೀರ್ ತಂದು ನನ್ ಕೈಗೆ ಕೊಡ್ತು. ಮೊದ್ಲು ಅವ್ರ ಬಾವಿ ನೀರು ಕುಡ್ದೆ, ಆಮೇಲೆ ನನ್ ಬೋರಿಂದು. ನಂಗೆ ಕಾಲ್ ಕೆಳ್ಗಡೆ ನೆಲಾನೇ ಇಲ್ದಂಗಾಯ್ತು."

"ಉಪ್ಪಾ?" ಎಂದರು ವೆಂಕಟರಮಣಪ್ಪ.

"ಕಡಲೇ ಅಪ್ಪಯ್ಯ. ಆಗಿಂದಾಗ್ಲೇ ರಾಡ್ ಎತ್ತಿ, ಕೇಸಿಂಗ್ ಪೈಪ್ ಕಿತ್ತು, ತಳದಿಂದ ಸಿಮೆಂಟ್ ತುಂಬಿಸ್ಬುಟ್ಟೆ. ಬೆಳಗಿನ ಜಾವ ಮುಗೀತು. ಆಮೇಲೆ ಬುಧವಾರ ಬೆಳಿಗ್ಗೆ ರೇಡಿಯೋನಾಗೆ ನಿಲ್ಸು ಅಂತ ಸುದ್ದಿ ಬಂತು."

ವೆಂಕಟರಮಣಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ನಾನು ಕೇಳಿದೆ, "ಬಾವಿಗಳು?"

"ಅಜ್ಜಿ ಬಾವಿ ಇನ್ನೂ ಸಿಹಿ ಐತೆ ಸಾರ್. ಎಂಜಿನಿಯರ್ ಮೀಟರ್ ಇಕ್ಕಿ ನೋಡ್ತಾವ್ನೆ. ಮೂರು ತಿಂಗ್ಳು ನೋಡ್ದೆ ಏನೂ ಹೇಳಕ್ಕಾಗಲ್ಲ ಅಂದ. ನನ್ನ ಚೆನ್ನಾಗ್ ಉಗ್ದ. ಸಹಿ ಹಾಕಿದೀಯಲ್ಲ, ಓದ್ಲಿಲ್ವಾ ಅಂದ. ಓದ್ದೆ, ಮರ್ತೋಯ್ತು ಅಂದೆ."

"ಹಾಗೇಕೆ ಹೇಳಿದೆ?"

"ನಿಮ್ ಸಹೀನೂ ಅದರ್ ಕೆಳ್ಗೇ ಇತ್ತಲ್ಲ ಸಾರ್."

ಕುಮಾರೇಶ ನಕ್ಕ. "ಆಮೇಲೆ ಅವ್ನು ಫೋನ್ ತೆಗ್ದು ನಿಮ್ ಇಮೇಲ್ ತೋರಿಸ್ದ. ಇವ್ರು ನನ್ ತಪ್ಪು ಅಂತಾರೆ, ನೀನು ನನ್ ತಪ್ಪು ಅಂತೀಯ, ನಾನ್ ಯಾರ್ನ ಕಳಿಸ್ಲಿ ಮನೇಗೆ ಅಂದ. ಸದ್ಯಕ್ಕೆ ಇಟ್ಕೊಂಡವ್ನೆ. ಹದ್ನಾರಡೀಗೆ ಇನ್ನೊಂದು ಕೊರೀಬೇಕು, ಅವ್ನ ಕಣ್ ಮುಂದೆ."

ಸಾಲಿನಲ್ಲಿ ಹಿಂದಿನವರು ಕೂಗುವುದು ಕೇಳುತ್ತಿತ್ತು. ನಾನು ಬೇಗ ಬೇಗ ಹೇಳಿದೆ: "ಕುಮಾರೇಶ, ಅನುಬಂಧ ನಾನು ಓದಲೇ ಇಲ್ಲ. ಗೊತ್ತಾದ ಮೇಲೂ ಮೂರು ದಿನ ಸುಮ್ಮನಿದ್ದೆ. ಭಾನುವಾರ ನಾಗವೇಣಿ ಕೇಳಿದಾಗಲೂ ಹೇಳಲಿಲ್ಲ."

"ಅದ್ನ ನಾಗವೇಣಿ ನೋಡ್ಕೋತಾಳೆ ಬಿಡಿ ಸಾರ್" ಎಂದ ಅವನು.

ಕರೆ ಮುಗಿಯಿತು. ನಾಗವೇಣಿ ಒಳಗೆ ಹೋಗಿ ಕಾಫಿ ತಂದಳು. ಲೋಟವನ್ನು ನನ್ನ ಮುಂದೆ ಕುಟ್ಟಿ ಇಟ್ಟು, "ಸಕ್ಕರೆ ನೋಡ್ಕಳಿ ಸಾರ್. ಕಮ್ಮಿಯಾಗಿದ್ರೆ ಈಗ್ಲೇ ಹೇಳ್ಬುಡಿ, ಬುಧವಾರದಗಂಟ ಕಾಯಬ್ಯಾಡಿ" ಎಂದಳು.

ನವೆಂಬರ್ 20, ಬುಧವಾರ

ಡೆಂಕಣಿಕೋಟೆಯಿಂದ ಕೊಂಡಪ್ಪ ಎಂಬುವವರು ಜಮೀನಿನ ಗುತ್ತಿಗೆ ಕರಾರು ತಂದಿದ್ದರು. ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ. ಸಂಜೆಗೆ ಕನ್ನಡದಲ್ಲಿ ಬೇಕು ಎಂದರು. ಶನಿವಾರ ಬನ್ನಿ ಎಂದೆ. "ಅಷ್ಟ್ ದಿನ ಯಾಕ್ ಸ್ವಾಮಿ? ಹಿಂದ್ಗಡೆ ಇರೋ ಚಾರ್ಟೆಲ್ಲಾ ಬಿಟ್ಬುಡಿ" ಎಂದರು. ಅವುಗಳನ್ನೇ ಮೊದಲು ತೆಗೆದುಕೊಂಡೆ.

ಮಧ್ಯಾಹ್ನ ಕುಮಾರೇಶನ ಒಪ್ಪಂದದ ಅನುಬಂಧ 'ಸಿ'ಯ ಕನ್ನಡ ಮುಗಿಯಿತು. ನಾಗವೇಣಿಯ ಫೋನಿಗೆ ಕಳಿಸಿದೆ, ಅವನಿಗೆ ಓದಿ ಹೇಳಲು. ಜೊತೆಗೆ ಆ ದೇಶದ ಮಾಹಿತಿಗೆ ಮೂರನೆಯ ಪುಟವೊಂದನ್ನು ಸೇರಿಸಿದ್ದೇನೆ. ಸದ್ಯ ಅದರಲ್ಲಿರುವುದು ಇಷ್ಟು:

ತೆರೆಸಿಯಾ, ವಯಸ್ಸು ಗೊತ್ತಿಲ್ಲ, ಊರಿಗೆ ಹಿರಿಯಳು. ಆ ಊರಿನಲ್ಲಿ ಸಿಹಿನೀರು ಸಿಗುವ ಆಳ ಎಂಟು ಅಡಿ. ಮುಚ್ಚಿದ ಬೋರಿನಿಂದ ಅವಳ ಬಾವಿಗೆ ದೂರ, ಕೇಳಬೇಕು. ನೀರು ನವೆಂಬರ್ 17ರವರೆಗೆ ಸಿಹಿ.